ಜುಹೂವಿನಿಂದ ಸಾಂತಾಕ್ರೂಜ್‌ಗೆ ಮೂವತ್ತು ಸೆಕೆಂಡ್

1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ-8 ಜೆಟ್ ವಿಮಾನವೊಂದು ಮುಂಬೈಗೆ ಬಂತು. ಲಂಡನ್ನಿನಿಂದ ಹೊರಟು ಊರೂರು ನಿಲ್ಲುತ್ತ ಟೋಕಿಯೋ ಸೇರಬೇಕಿದ್ದ ವಿಮಾನ. ಒಳಗೆ ನೂರಕ್ಕೂ ಹೆಚ್ಚು ಜನ. ಎದುರಿಗೆ ಅರಬ್ಬೀ ಸಮುದ್ರದ ದಂಡೆ, ದಂಡೆಯಾಚೆ ಪೂರ್ವ-ಪಶ್ಚಿಮವಾಗಿ ಮಲಗಿದ ರನ್‌ವೇ. ವಿಮಾನ ಇಳಿಯಿತು. ಚಕ್ರಗಳು ನೆಲ ಮುಟ್ಟಿದ ಮೇಲೆ ಗೊತ್ತಾದದ್ದು, ಆ ರನ್‌ವೇ ಇರಬೇಕಾದ ಉದ್ದದ ಅರ್ಧದಷ್ಟೂ ಇಲ್ಲವೆಂದು. ವಿಮಾನ ರನ್‌ವೇಯ ಕೊನೆ ದಾಟಿ ಆಚೆ ನುಗ್ಗಿ ನಿಂತಿತು. ಯಾರ ಪ್ರಾಣವೂ ಹೋಗಲಿಲ್ಲ. ವಿಮಾನ ಮಾತ್ರ ದುರಸ್ತಿಗೂ ಬಾರದಷ್ಟು ಜಖಂಗೊಂಡು ಕೊನೆಗೆ ಗುಜರಿಗೆ ಹೋಯಿತು.

ಅದು ಇಳಿಯಬೇಕಿದ್ದದ್ದು ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ. ಇಳಿದದ್ದು ಜುಹೂ ಏರೋಡ್ರೋಮಿನಲ್ಲಿ. ಎರಡರ ನಡುವಿನ ಅಂತರ ಸುಮಾರು 2 ಕಿಲೋಮೀಟರ್.

ಹಳೆಯ ಕನ್ನಡದಲ್ಲಿ ದೂರವನ್ನು ಅಳೆಯಲು ಕೋಲಿಗಿಂತ ಮೈಯನ್ನೇ ಹೆಚ್ಚು ಬಳಸುತ್ತಿದ್ದರು. ಕೂಗಿದರೆ ಕೇಳಿಸುವಷ್ಟು ದೂರ ಕೂಗಳತೆ. ಅದಕ್ಕೂ ಮಿಕ್ಕರೆ ಹರದಾರಿ, ಗಾವುದ. ಇಷ್ಟು ದೂರ ಎಂದರೆ ಇಷ್ಟು ಹೊತ್ತು, ಇಷ್ಟು ದಣಿವು ಎಂಬ ಲೆಕ್ಕ ಆ ಮಾತುಗಳೊಳಗೇ ಇತ್ತು. ವಿಮಾನ ಬಂದ ಮೇಲೆ ಆ ಲೆಕ್ಕ ಮುಗಿಯಿತು, ಇನ್ನು ದೂರವೆಂದರೆ ನಕ್ಷೆಯ ಮೇಲಿನ ಗೆರೆ ಮಾತ್ರ ಎಂದು ಅನ್ನಿಸುವುದು ಸಹಜ. ಮುಂಬೈಯ ಉತ್ತರದ ಉಪನಗರಗಳ ಈ ಎರಡು ನಿಲ್ದಾಣಗಳ ಚರಿತ್ರೆ ಬೇರೆಯದನ್ನು ಹೇಳುತ್ತದೆ. ಇಲ್ಲಿ ದೂರವನ್ನೂ ಹೊತ್ತನ್ನೂ ಪ್ರತಿ ಬಾರಿ ತೀರ್ಮಾನಿಸಿದ್ದು ಕೆಳಗಿನ ನೆಲ: ಅದರ ಕೆಸರು, ಅದರ ಉದ್ದ, ಅದರ ಮೇಲೆದ್ದ ಮನೆಗಳು.

ಊರಾಚೆಯ ಬಯಲು

ಜುಹೂ ಏರೋಡ್ರೋಮ್ ಶುರುವಾದದ್ದು 1928ರಲ್ಲಿ, ದೇಶದ ಮೊದಲ ನಾಗರಿಕ ವಿಮಾನ ನಿಲ್ದಾಣವಾಗಿ. ಆಗ ಅದು ಮುಂಬೈ ಆಗಿರಲಿಲ್ಲ. ನಗರ ಮಾಹಿಮ್ ಮತ್ತು ಸಯಾನ್‌ಗಳಲ್ಲಿ ಮುಗಿಯುತ್ತಿತ್ತು. ಅದರಾಚೆಗೆ ಸಾಲ್ಸೆಟ್ ದ್ವೀಪ: ಗದ್ದೆ, ಉಪ್ಪಿನ ಮಡಿ, ತೆಂಗು, ತಾಳೆ, ಕೋಳಿ ಮೀನುಗಾರರ ಹಳ್ಳಿ, ನಡುನಡುವೆ ಇಗರ್ಜಿ. ಉಪನಗರಗಳು ಮುಂಬೈ ಮಹಾನಗರಪಾಲಿಕೆಗೆ ಸೇರಿದ್ದು 1950ರಲ್ಲಿ. ವಿದ್ಯುತ್ ರೈಲು ಕೊಲಾಬಾದಿಂದ ಬೊರಿವಲಿಯವರೆಗೆ ಓಡತೊಡಗಿದ್ದು ಜುಹೂ ಆರಂಭವಾದ ಅದೇ 1928ರ ಜನವರಿಯಲ್ಲಿ. ಕೋಟೆ ಪ್ರದೇಶದ ಕಚೇರಿಯಲ್ಲಿ ಕೂತವನಿಗೆ ಜುಹೂ ಎಂದರೆ ಉತ್ತರದ ಯಾವುದೋ ದೂರದ ಊರು.

ವಿಮಾನಕ್ಕೆ ಬೇಕಾದದ್ದೂ ಅಂಥ ಜಾಗವೇ. ಅಂದಿನ ವಿಮಾನಗಳಿಗೆ ಕಾಂಕ್ರೀಟಿನ ಹಾದಿ ಬೇಕಿರಲಿಲ್ಲ. ಮರಗಳಿಲ್ಲದ ಸಮತಟ್ಟಾದ ಬಯಲು, ಎದುರುಗಾಳಿ, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ, ಇಷ್ಟಿದ್ದರೆ ಸಾಕಾಗುತ್ತಿತ್ತು. ಬಾಂಬೆ ಫ್ಲೈಯಿಂಗ್ ಕ್ಲಬ್ ಅಲ್ಲಿ ನೆಲೆ ಮಾಡಿತು. 1929ರ ಫೆಬ್ರವರಿ 10ರಂದು ಭಾರತದಲ್ಲಿ ನೀಡಲಾದ ಮೊದಲನೆಯ ಪೈಲಟ್ ಪರವಾನಗಿ ಪಡೆದ ಜೆ.ಆರ್.ಡಿ. ಟಾಟಾ ಹಾರಲು ಕಲಿತದ್ದು ಇದೇ ಕ್ಲಬ್ಬಿನಲ್ಲಿ.

ಕರಾಚಿಯಿಂದ ಏಳೂಕಾಲು ಗಂಟೆ

1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಬೆಳಿಗ್ಗೆ 6.35ಕ್ಕೆ ಕರಾಚಿಯ ದ್ರಿಗ್ ರೋಡ್ ಏರೋಡ್ರೋಮಿನಿಂದ ಹಾರಿದರು. ಒಂದೇ ಎಂಜಿನ್ನಿನ ಪುಟ್ಟ ಪಸ್ ಮಾತ್ ವಿಮಾನ, ತುಂಬಿಸಿದರೂ ಒಂದು ಟನ್ ತೂಗದು. ರೇಡಿಯೋ ಇಲ್ಲ. ದಾರಿ ತೋರಿಸುವವರು ನೆಲದ ಮೇಲೆ ಯಾರೂ ಇಲ್ಲ. ಹೊತ್ತದ್ದು 25 ಕಿಲೋ ಟಪಾಲು. ಇಂಪೀರಿಯಲ್ ಏರ್‌ವೇಸ್ ವಿಮಾನ ಲಂಡನ್ನಿನ ಪತ್ರಗಳನ್ನು 1929ರಿಂದಲೇ ಕರಾಚಿಗೆ ತಂದು ಹಾಕುತ್ತಿತ್ತು. ಖಂಡಾಂತರ ಹಾರಿಬಂದ ಪತ್ರ ಕರಾಚಿಯಿಂದ ಮುಂದೆ ರೈಲು ಹತ್ತಿ ದಿನಗಳನ್ನು ಕಳೆಯುತ್ತಿತ್ತು. ಆ ಕೊನೆಯ ಭಾಗವನ್ನೂ ಹಾರಿಸಿಯೇ ಮುಗಿಸಬೇಕೆಂಬುದು ಬ್ರಿಟಿಷ್ ವಾಯುಪಡೆಯಲ್ಲಿದ್ದು ಬಂದ ನೆವಿಲ್ ವಿನ್ಸೆಂಟ್ ಟಾಟಾ ಸಂಸ್ಥೆಯ ಮುಂದಿಟ್ಟ ಯೋಜನೆ.

ನಡುವೆ ಅಹಮದಾಬಾದಿನಲ್ಲಿ ಇಳಿದರು. ಅಲ್ಲಿ ಪೆಟ್ರೋಲ್ ಬಂದದ್ದು ಎತ್ತಿನಗಾಡಿಯಲ್ಲಿ, ತಗಡಿನ ಡಬ್ಬಗಳಲ್ಲಿ. ಡಬ್ಬ ಎತ್ತಿ ಸುರಿಯುವಷ್ಟು ಹೊತ್ತು ನಿಂತು ಮತ್ತೆ ಹಾರಿ, ಮಧ್ಯಾಹ್ನ 1.50ಕ್ಕೆ ಜುಹೂವಿನಲ್ಲಿ ಇಳಿದರು. ಸುಮಾರು 1,035 ಕಿಲೋಮೀಟರಿಗೆ ಏಳೂಕಾಲು ಗಂಟೆ. ಭಾಗಿಸಿದರೆ ಗಂಟೆಗೆ 143 ಕಿಲೋಮೀಟರ್, ಎತ್ತಿನಗಾಡಿಯ ಹೊತ್ತೂ ಸೇರಿ.

ಜುಹೂವಿನಿಂದ ಮುಂದಕ್ಕೆ ಟಪಾಲು ಹೊತ್ತು ಹೊರಟವರು ವಿನ್ಸೆಂಟ್. ಗುರಿ ಮದರಾಸು. ಆದರೆ ಹಗಲು ಉಳಿದದ್ದು ಸ್ವಲ್ಪವೇ. ರಾತ್ರಿ ಹಾರುವಂತಿಲ್ಲ, ದಾರಿಯಲ್ಲಿ ದೀಪಗಳಿಲ್ಲ. ಮುಂಬೈಯಿಂದ ಆಗ್ನೇಯಕ್ಕೆ ಸುಮಾರು 610 ಕಿಲೋಮೀಟರ್ ಹಾರಿ ಅವರು ಆ ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಲು ಇನ್ನೂ 21 ವರ್ಷಗಳಿದ್ದವು. ಮರುದಿನ ಉಳಿದ 430 ಕಿಲೋಮೀಟರ್ ಹಾರಿ ಮದರಾಸು ಮುಟ್ಟಿದರು. ಭಾರತದ ಮೊದಲ ನಿಯಮಿತ ವಿಮಾನ ಸೇವೆಯ ನಾಲ್ಕನೆಯ ನಿಲ್ದಾಣ ಹೀಗೆ ಒಂದು ಕನ್ನಡದ ಊರು. ಬಳ್ಳಾರಿ ಆ ಪಟ್ಟಿಗೆ ಬಂದದ್ದು ಟ್ಯಾಂಕಿನಲ್ಲಿ ಹಿಡಿಯುವ ಪೆಟ್ರೋಲ್ ಮತ್ತು ಸೂರ್ಯ ಮುಳುಗುವ ಹೊತ್ತು, ಈ ಎರಡರ ಲೆಕ್ಕದಿಂದ.

ಮೊದಲ ವರ್ಷದಲ್ಲಿ ಟಾಟಾ ವಿಮಾನಗಳು 1,60,000 ಮೈಲಿ ಹಾರಿದವು. ಹತ್ತು ಟನ್ನಿನ ಹತ್ತಿರ ಟಪಾಲು ಸಾಗಿಸಿದವು. ಪ್ರಯಾಣಿಕರು ಇಡೀ ವರ್ಷಕ್ಕೆ 155 ಮಂದಿ. ಲಾಭ 60,000 ರೂಪಾಯಿ.

ಮಳೆಗಾಲದ ಮುಂಬೈ ಪುಣೆಯಲ್ಲಿತ್ತು

ಜುಹೂಗೆ ಒಂದು ದೊಡ್ಡ ತೊಡಕಿತ್ತು. ಸಮುದ್ರದ ಮಗ್ಗುಲಿನ ತಗ್ಗು ನೆಲ. ಜೂನ್ ಬಂತೆಂದರೆ ಬಯಲು ಕೆಸರಾಗುತ್ತಿತ್ತು, ಭರತದ ನೀರಿಗೆ ಮಳೆಯ ನೀರು ಸೇರಿದರೆ ಕೆರೆಯಾಗುತ್ತಿತ್ತು. ಆಗ ಟಾಟಾದವರು ವಿಮಾನ, ಸಾಮಾನು, ಸಿಬ್ಬಂದಿ ಎಲ್ಲವನ್ನೂ ಕಟ್ಟಿಕೊಂಡು ಪುಣೆಯ ಯರವಡಾ ಬಯಲಿಗೆ ಹೋಗುತ್ತಿದ್ದರು. ಮಳೆ ನಿಂತ ಮೇಲೆ ಮತ್ತೆ ಜುಹೂ.

ಅಂದರೆ ವರ್ಷದ ಕೆಲವು ತಿಂಗಳು ಮುಂಬೈಯ ವಿಮಾನ ನಿಲ್ದಾಣ ಸಹ್ಯಾದ್ರಿಯ ಆಚೆ, ನೂರಿಪ್ಪತ್ತು ಕಿಲೋಮೀಟರ್ ದೂರದಲ್ಲಿರುತ್ತಿತ್ತು. ಅಕ್ಟೋಬರಿನಲ್ಲಿ ಕರಾಚಿಯಿಂದ ಮುಂಬೈಗೆ ಏಳೂಕಾಲು ಗಂಟೆಯಾದರೆ, ಜುಲೈನಲ್ಲಿ ಪುಣೆಯಲ್ಲಿ ಇಳಿದು ಘಟ್ಟ ಇಳಿಯುವ ಹೊತ್ತನ್ನೂ ಸೇರಿಸಬೇಕು. ಕಪ್ಪು ಮಣ್ಣಿನ ಸೀಮೆಯ ರೈತನಿಗೆ ಇದು ಹೊಸ ಸಂಗತಿಯಲ್ಲ. ಬೇಸಿಗೆಯಲ್ಲಿ ಅರ್ಧ ಗಂಟೆಯ ಹೊಲದ ದಾರಿ ಮಳೆಗಾಲದಲ್ಲಿ ಎರಡು ಗಂಟೆಯಾಗುವುದನ್ನು ಅವನು ಗಾಡಿ ಹೂಡಿಯೇ ತಿಳಿದಿರುತ್ತಾನೆ. ಆಕಾಶದ ದಾರಿಗೂ ಅದೇ ಕೆಸರಿನ ಕಾಟ.

ಎರಡು ಕಿಲೋಮೀಟರಿನ ವರ್ಗಾವಣೆ

ಜುಹೂವಿನಿಂದ ಪೂರ್ವಕ್ಕೆ, ರೈಲು ಹಳಿಗಳಾಚೆ, ಸಾಂತಾಕ್ರೂಜ್‌ನಲ್ಲಿ ಇನ್ನೊಂದು ವಿಮಾನ ನೆಲೆ ಎದ್ದಿತು. ಎರಡನೆಯ ಮಹಾಯುದ್ಧದಲ್ಲಿ ಅದು ಬ್ರಿಟಿಷ್ ವಾಯುಪಡೆಯ ನೆಲೆ. ಅಲ್ಲಿನ ನೆಲ ಗಟ್ಟಿ, ಬೆಳೆಯಲು ಜಾಗವಿತ್ತು, ಭಾರದ ವಿಮಾನಗಳನ್ನು ತಾಳಿಕೊಳ್ಳುವ ರನ್‌ವೇ ಇತ್ತು. ಯುದ್ಧ ಮುಗಿದಾಗ ಜಗತ್ತಿನ ವಿಮಾನಗಳೇ ಬದಲಾಗಿದ್ದವು. 1946ರ ಜುಲೈನಲ್ಲಿ ಟಾಟಾ ಏರ್‌ಲೈನ್ಸ್ ಏರ್ ಇಂಡಿಯಾ ಆಯಿತು. ನಾಗರಿಕ ವಿಮಾನಗಳು ಜುಹೂ ಬಿಟ್ಟು ಸಾಂತಾಕ್ರೂಜ್‌ಗೆ ಹೋದವು. 1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ಎಂಬ ಕಾನ್‌ಸ್ಟಲೇಶನ್ ವಿಮಾನ ಮುಂಬೈಯಿಂದ ಕೈರೋ, ಜಿನೀವಾ ಮೂಲಕ ಲಂಡನ್ನಿಗೆ ಹೊರಟಿತು. ಹದಿನಾರು ವರ್ಷಗಳ ಹಿಂದೆ ಬಳ್ಳಾರಿಯಲ್ಲಿ ರಾತ್ರಿ ತಂಗುತ್ತಿದ್ದ ಸಂಸ್ಥೆಯ ವಿಮಾನ ಈಗ ಖಂಡ ದಾಟುತ್ತಿತ್ತು.

ಅಷ್ಟರಲ್ಲಿ ಮೊದಲ ದಾರಿಯ ಮೊದಲ ಊರು ಬೇರೆ ದೇಶಕ್ಕೆ ಸೇರಿಹೋಗಿತ್ತು. ಇಂದು ಕರಾಚಿಗೂ ಮುಂಬೈಗೂ ನೇರ ವಿಮಾನವಿಲ್ಲ. ಜೆಟ್ ವಿಮಾನಕ್ಕೆ ಒಂದೂವರೆ ಗಂಟೆಯ ದಾರಿಗೆ ಮೂರನೆಯ ದೇಶವೊಂದನ್ನು ಸುತ್ತಿ ಹೋಗಬೇಕು. ಅದೇ ಸಾವಿರ ಕಿಲೋಮೀಟರನ್ನು 1932ರ ಪಸ್ ಮಾತ್ ಒಂದು ಬೆಳಗಿನಲ್ಲಿ ಮುಗಿಸಿತ್ತು.

ಜುಹೂ ಮುಚ್ಚಲಿಲ್ಲ. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನಗಳಿಗೆ ಅದು ಸಾಕಾಗಿತ್ತು. ಹೀಗಾಗಿ ಮುಂಬೈಯ ಪಡುವಣ ದಂಡೆಯಲ್ಲಿ, ಒಂದರ ಬೆನ್ನಿಗೆ ಇನ್ನೊಂದರಂತೆ, ಎರಡು ರನ್‌ವೇಗಳು ಉಳಿದವು.

ಮೊದಲು ಕಾಣುವುದು ಯಾವುದು?

ರನ್‌ವೇಯ ಹೆಸರೆಂದರೆ ದಿಕ್ಸೂಚಿಯ ಡಿಗ್ರಿ, ಕೊನೆಯ ಸೊನ್ನೆ ಬಿಟ್ಟು. ಪೂರ್ವ ಎಂದರೆ 90 ಡಿಗ್ರಿ, ಹಾಗಾಗಿ ಸಾಂತಾಕ್ರೂಜ್‌ನ ಮುಖ್ಯ ರನ್‌ವೇಗೆ ಪಶ್ಚಿಮದಿಂದ ಇಳಿಯುವಾಗ ಸಂಖ್ಯೆ 09. ಜುಹೂವಿನದು 08. ಎರಡರ ಮುಖಕ್ಕೂ ಹತ್ತು ಡಿಗ್ರಿಯ ಆಸುಪಾಸಿನ ವ್ಯತ್ಯಾಸ. ಸಮುದ್ರದ ಮೇಲಿನಿಂದ ಬರುವ ಪೈಲಟ್‌ಗೆ ಮೊದಲು ಸಿಗುವುದು ಜುಹೂ, ಅವನ ದಾರಿಯಿಂದ ಕೊಂಚ ಎಡಕ್ಕೆ. ಅದರ ಹಿಂದೆ ಮನೆಗಳ ನಡುವೆ ಸಾಂತಾಕ್ರೂಜ್.

ಇಳಿಯುವ ಜೆಟ್ ವಿಮಾನದ ವೇಗ ಗಂಟೆಗೆ 250 ಕಿಲೋಮೀಟರ್ ಎಂದಿಟ್ಟುಕೊಂಡರೆ, ಸೆಕೆಂಡಿಗೆ ಸುಮಾರು 70 ಮೀಟರ್. ಎರಡು ಕಿಲೋಮೀಟರಿಗೆ ಮೂವತ್ತು ಸೆಕೆಂಡೂ ಬೇಡ. ಹತ್ತು ಗಂಟೆ ಹಾರಿ ದಣಿದು ಬಂದ ಕಣ್ಣು ರನ್‌ವೇಯನ್ನು ಹುಡುಕುತ್ತಿರುತ್ತದೆ. ಮುಂದೆ ರನ್‌ವೇ ಕಾಣುತ್ತದೆ. ಹುಡುಕಿದ್ದು ಸಿಕ್ಕಿತೆಂದು ಮನಸ್ಸು ನಂಬಿದ ಮೇಲೆ ಉದ್ದ ಕಡಿಮೆ ಇದೆ, ದೀಪಗಳ ಸಾಲು ಬೇರೆ ಇದೆ ಎಂಬ ಸುಳಿವುಗಳು ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ರೇಡಿಯೋ ಅಲೆಯ ಎಳೆ ಹಿಡಿದು ಇಳಿಸುವ ಉಪಕರಣಗಳು ಬೇಕಾದದ್ದು ಇದಕ್ಕೇ. ಅವು ಕಣ್ಣಿನ ಆಸೆಗೆ ಬಗ್ಗುವುದಿಲ್ಲ.

1972ರ ತಪ್ಪು ಮೊದಲನೆಯದಾಗಿರಲಿಲ್ಲ. 1953ರ ಜುಲೈನಲ್ಲಿ ಬ್ರಿಟನ್ನಿನ ಬಿಒಎಸಿ ಸಂಸ್ಥೆಯ ಕಾಮೆಟ್ ವಿಮಾನವೊಂದು ಇದೇ ರೀತಿ ಸಾಂತಾಕ್ರೂಜ್ ಎಂದುಕೊಂಡು ಜುಹೂವಿನಲ್ಲಿ ಇಳಿದಿತ್ತು. ಕಾಮೆಟ್ ಆಗ ಜಗತ್ತಿನ ಏಕೈಕ ಜೆಟ್ ಪ್ರಯಾಣಿಕ ವಿಮಾನ, ಸೇವೆಗೆ ಬಂದು ಒಂದು ವರ್ಷ ದಾಟಿತ್ತಷ್ಟೆ. ಎತ್ತಿನಗಾಡಿಯ ಕಾಲದ ಬಯಲಿನಲ್ಲಿ ಜಗತ್ತಿನ ಅತ್ಯಾಧುನಿಕ ವಿಮಾನ ನಿಂತಿತ್ತು. ಕೆಲವು ದಿನಗಳ ನಂತರ ಅದು ಅಲ್ಲಿಂದಲೇ ಹಾರಿ ಹೊರಟಿತು.

ಮುಂಬೈಗೆ ಮಾತ್ರ ಈ ಪಾಡು ಬಂದದ್ದಲ್ಲ. ಲಂಡನ್ನಿನ ಹೀಥ್ರೋದಿಂದ ಹತ್ತು ಕಿಲೋಮೀಟರ್ ಒಳಗೆ ನಾರ್ತೋಲ್ಟ್ ಎಂಬ ವಾಯುಪಡೆಯ ನೆಲೆಯಿದೆ. 1960ರ ಅಕ್ಟೋಬರಿನಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆಯ ಬೋಯಿಂಗ್ 707 ಹೀಥ್ರೋ ಎಂದುಕೊಂಡು ಅಲ್ಲಿ ಇಳಿಯಿತು. ಎರಡೂ ನಿಲ್ದಾಣಗಳ ದಾರಿಯಲ್ಲಿ ಒಂದೊಂದು ದೊಡ್ಡ ಗ್ಯಾಸ್ ತೊಟ್ಟಿ ಇದ್ದದ್ದು ಪೈಲಟ್‌ಗಳ ಗೊಂದಲಕ್ಕೆ ಒಂದು ಕಾರಣ. ಕೊನೆಗೆ ಆ ತೊಟ್ಟಿಗಳ ಮೇಲೆ, ಇದು ಯಾವ ನಿಲ್ದಾಣದ ದಾರಿ ಎಂದು ಆಕಾಶದಿಂದ ಓದಬಹುದಾದ ಅಕ್ಷರಗಳನ್ನು ಬರೆಸಿದರು. ಜೆಟ್ ಯುಗದ ಸಮಸ್ಯೆಗೆ ಊರ ಬಾಗಿಲಿನ ಕೈಕಂಬದ ಪರಿಹಾರ.

1972ರ ಸೆಪ್ಟೆಂಬರಿನಲ್ಲಿ ಜುಹೂವಿನ ರನ್‌ವೇ 1,140 ಮೀಟರಿನಷ್ಟಿತ್ತು. ಅದರ ಕೊನೆಯಾಚೆ ಇದ್ದದ್ದು ವಸತಿ ತುಂಬಿದ ವಿಲೆ ಪಾರ್ಲೆ. ಕೇವಲ ಮೂರು ತಿಂಗಳ ಹಿಂದೆ, ಜೂನ್ 14ರಂದು, ಇದೇ ಸಂಸ್ಥೆಯ ಇನ್ನೊಂದು ಡಿಸಿ-8 ದೆಹಲಿಯ ಪಾಲಂಗೆ ಇಳಿಯುವ ಮೊದಲೇ ಯಮುನೆಯ ದಂಡೆಯಲ್ಲಿ ನೆಲಕ್ಕೆ ಬಿದ್ದು 80ಕ್ಕೂ ಹೆಚ್ಚು ಜನ ಸತ್ತಿದ್ದರು. ಜುಹೂವಿನಲ್ಲಿ ಎಲ್ಲರೂ ಉಳಿದರು. ರನ್‌ವೇಯ ಅಂಚಿನ ನೆಲ ಎಷ್ಟು ಬೆಲೆಬಾಳುತ್ತದೆಂದು ಕನ್ನಡನಾಡಿಗೆ ಬಹಳ ತಡವಾಗಿ, ಬಹಳ ಕ್ರೂರವಾಗಿ ತಿಳಿಯಿತು. 2010ರ ಮೇ 22ರಂದು ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ತೀರ ಮುಂದಕ್ಕೆ ಹೋಗಿ ನೆಲ ಮುಟ್ಟಿತು. ಉಳಿದ ಉದ್ದ ಸಾಲದೆ ಕಣಿವೆಗೆ ಬಿತ್ತು. 158 ಜನ ಸತ್ತರು. ದುಬೈಯಿಂದ ಬಂದ ಅಷ್ಟೂ ದೂರಕ್ಕಿಂತ ಕೊನೆಯ ಕೆಲವು ನೂರು ಮೀಟರ್ ದೊಡ್ಡದಾಗಿತ್ತು.

ಎರಡು ನಿಮಿಷದ ವಿಮಾನ

ಭೂಮಿಯ ಇನ್ನೊಂದು ಉತ್ತರದ ತುದಿಯಲ್ಲಿ, ಸ್ಕಾಟ್ಲೆಂಡಿನಾಚೆಯ ಆರ್ಕ್ನಿ ದ್ವೀಪಗಳಲ್ಲಿ, ವೆಸ್ಟ್‌ರೇ ಮತ್ತು ಪಾಪಾ ವೆಸ್ಟ್‌ರೇ ಎಂಬ ಎರಡು ಪುಟ್ಟ ವಿಮಾನ ನಿಲ್ದಾಣಗಳಿವೆ. ನಡುವಿನ ದೂರ 2.7 ಕಿಲೋಮೀಟರ್. 1967ರಿಂದ ಲೋಗನೇರ್ ಸಂಸ್ಥೆಯ ಸಣ್ಣ ವಿಮಾನ ಆ ದಾರಿಯಲ್ಲಿ ಓಡುತ್ತಿದೆ. ಜಗತ್ತಿನ ಅತಿ ಚಿಕ್ಕ ನಿಯಮಿತ ವಿಮಾನ ಯಾನ ಅದು. ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಗಾಳಿ ಹಿಂದಿನಿಂದ ಬೀಸಿದ ದಿನ ಒಂದು ನಿಮಿಷಕ್ಕೂ ಕಡಿಮೆಯಲ್ಲಿ ಮುಗಿದದ್ದುಂಟು. ಶಿಕ್ಷಕರು, ವೈದ್ಯರು, ಊರಿನ ಜನ ಅದರಲ್ಲಿ ಓಡಾಡುತ್ತಾರೆ.

ಸಾಂತಾಕ್ರೂಜ್‌ನ ಇಂದಿನ ಮುಖ್ಯ ರನ್‌ವೇ 3,400 ಮೀಟರ್ ದಾಟುತ್ತದೆ. ಆರ್ಕ್ನಿಯ ಆ ಇಡೀ ಯಾನವನ್ನು ಮುಂಬೈಯ ಒಂದೇ ರನ್‌ವೇಯೊಳಗೆ ಮುಗಿಸಬಹುದು. ಆದರೂ ಅಲ್ಲಿ ವಿಮಾನ ಬೇಕು, ಇಲ್ಲಿ ಬೇಡ. ಅಲ್ಲಿ ನಡುವೆ ಅಬ್ಬರದ ಕಡಲಿದೆ, ದೋಣಿ ಹೋಗದ ದಿನಗಳಿವೆ. ಇಲ್ಲಿ ನಡುವೆ ಇರುವುದು ಸ್ವಾಮಿ ವಿವೇಕಾನಂದ ರಸ್ತೆ, ಪಶ್ಚಿಮ ರೈಲ್ವೆಯ ಹಳಿಗಳು, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ. ಸಂಜೆಯ ಹೊತ್ತಿನಲ್ಲಿ ಜುಹೂವಿನಿಂದ ಸಾಂತಾಕ್ರೂಜ್ ಟರ್ಮಿನಲ್‌ಗೆ ಆಟೋ ಹಿಡಿದವರು ಅರ್ಧ ಗಂಟೆಯನ್ನು ಕೈಯಲ್ಲಿಟ್ಟುಕೊಂಡೇ ಹೊರಡುತ್ತಾರೆ. ಅಷ್ಟು ಹೊತ್ತಿಗೆ ಜುಹೂವಿನಿಂದ ಎದ್ದ ಹೆಲಿಕಾಪ್ಟರ್ ಸಮುದ್ರದ ನಡುವಿನ ಬಾಂಬೆ ಹೈ ತೈಲ ಕ್ಷೇತ್ರದ 160 ಕಿಲೋಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ದಾಟಿರುತ್ತದೆ.

ನೆಲದ ಲೆಕ್ಕ

ಜುಹೂ ಇಂದು ಮುಖ್ಯವಾಗಿ ಹೆಲಿಕಾಪ್ಟರುಗಳ ತಾಣ. ತೈಲ ಕ್ಷೇತ್ರದ ಎಂಜಿನಿಯರುಗಳು, ಕಾರ್ಮಿಕರು ಇಲ್ಲಿಂದಲೇ ಪಾಳಿಗೆ ಹೋಗುತ್ತಾರೆ. ಆ ದಾರಿಯೂ ಸುಲಭದ್ದಲ್ಲ. 2018ರ ಜನವರಿ 13ರಂದು ಜುಹೂವಿನಿಂದ ಹೊರಟ ಹೆಲಿಕಾಪ್ಟರ್ ಸಮುದ್ರಕ್ಕೆ ಬಿದ್ದು ಒಳಗಿದ್ದ ಏಳೂ ಜನ ಸತ್ತರು.

ಸುತ್ತಲಿನ ನಿವಾಸಿಗಳದು ಬೇರೊಂದು ಲೆಕ್ಕ. ಇಳಿಯುವ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಹಾಗೆಂದರೆ ರನ್‌ವೇಯಿಂದ ಎರಡು ಕಿಲೋಮೀಟರ್ ಹಿಂದೆ ಅದರ ಎತ್ತರ ಸುಮಾರು ನೂರು ಮೀಟರ್, ಮೂವತ್ತು ಮಹಡಿಯ ಕಟ್ಟಡದಷ್ಟು. ಅದಕ್ಕೇ ಎರಡೂ ನಿಲ್ದಾಣಗಳ ಸುತ್ತ ಕಟ್ಟಡಗಳ ಎತ್ತರಕ್ಕೆ ಮಿತಿ ಇದೆ. ಜುಹೂ, ವಿಲೆ ಪಾರ್ಲೆ, ಸಾಂತಾಕ್ರೂಜ್‌ಗಳಲ್ಲಿ ಸೋರುವ ಹಳೆಯ ಕಟ್ಟಡಗಳನ್ನು ಕೆಡವಿ ಎತ್ತರಕ್ಕೆ ಕಟ್ಟಿ, ಹೆಚ್ಚುವರಿ ಮನೆ ಮಾರಿ ಖರ್ಚು ಸರಿದೂಗಿಸುವ ಮುಂಬೈಯ ರೂಢಿಯ ದಾರಿ ಇಲ್ಲಿ ಸುಲಭವಾಗಿ ತೆರೆಯುವುದಿಲ್ಲ. ಪುಟ್ಟ ರನ್‌ವೇಗಾಗಿ ಇಷ್ಟು ಜನ ಕಾಯಬೇಕೇ ಎಂಬುದು ಅವರ ಪ್ರಶ್ನೆ. ಒಮ್ಮೆ ಕಳೆದುಕೊಂಡ ರನ್‌ವೇ ಇಂಥ ನಗರಕ್ಕೆ ಮತ್ತೆ ಸಿಗುವುದಿಲ್ಲ ಎಂಬುದು ವಿಮಾನದವರ ಉತ್ತರ. ಎರಡೂ ಮಾತಿನಲ್ಲಿ ಹುರುಳಿದೆ.

ಸಾಂತಾಕ್ರೂಜ್‌ಗೂ ಜಾಗದ ಕಷ್ಟವೇ. ಅದರ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುವುದರಿಂದ ಒಂದು ಹೊತ್ತಿಗೆ ಒಂದನ್ನೇ ಬಳಸಲು ಸಾಧ್ಯ. ಹಾಗಿದ್ದೂ 2018ರಲ್ಲಿ ಒಂದೇ ದಿನದ ಏರಿಳಿತಗಳು 1,000 ದಾಟಿದವು. ಬೆಂಗಳೂರಿನಿಂದ ಬಂದ ವಿಮಾನ ಮುಂಬೈಯ ಮೇಲೆ ಸರದಿಗಾಗಿ ಸುತ್ತು ಹಾಕುವುದು ಈ ದಾರಿಯ ಪ್ರಯಾಣಿಕರಿಗೆಲ್ಲ ಗೊತ್ತಿರುವ ಅನುಭವ. ಊರು ಕೆಳಗೆ ಕಾಣುತ್ತಿರುತ್ತದೆ, ಮುಟ್ಟಲಾಗುವುದಿಲ್ಲ. ಈ ಒತ್ತಡ ಇಳಿಸಲೆಂದು ಕಟ್ಟಿದ ನವಿ ಮುಂಬೈ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಯಿತು. ಸಾಂತಾಕ್ರೂಜ್‌ನಿಂದ ಅದಕ್ಕೆ ನೇರ ಗೆರೆ ಎಳೆದರೆ 25 ಕಿಲೋಮೀಟರಿನ ಒಳಗೆ. ಪಸ್ ಮಾತ್ ಕೂಡ ಹತ್ತು ನಿಮಿಷದಲ್ಲಿ ಹಾರಬಹುದಾದ ದೂರ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರಬೇಕಾದ ಪ್ರಯಾಣಿಕ ಮಾತ್ರ ಖಾಡಿ, ಸೇತುವೆ, ಸಿಗ್ನಲ್‌ಗಳ ಲೆಕ್ಕ ಹಾಕಿ ಗಂಟೆಗಳನ್ನು ಬಿಟ್ಟುಕೊಳ್ಳಬೇಕು.

1982ರ ಅಕ್ಟೋಬರ್ 15ರಂದು, ಮೊದಲ ಹಾರಾಟಕ್ಕೆ ಐವತ್ತು ವರ್ಷ ತುಂಬಿದ ದಿನ, 78 ವಯಸ್ಸಿನ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಲೆಪರ್ಡ್ ಮಾತ್ ಎಂಬ ಹಳೆಯ ವಿಮಾನವನ್ನು ಹಾರಿಸಿಕೊಂಡು ಮತ್ತೆ ಮುಂಬೈಗೆ ಬಂದರು. ಪಕ್ಕದ ಸಾಂತಾಕ್ರೂಜ್‌ನಲ್ಲಿ ಜಂಬೋ ಜೆಟ್‌ಗಳು ಇಳಿಯುತ್ತಿದ್ದವು. ಅವರು ಮೊದಲೇ ಕಂಡ ರನ್‌ವೇಗೆ, ಈ ಬಾರಿ ತಪ್ಪಿ ಅಲ್ಲ, ಬೇಕೆಂದೇ ಇಳಿದರು. ಅದು ಜುಹೂ.